ತಂದೆಯವರು ಬಿಟ್ಟುಹೋದ ಅಮಾನತ್

(ತುಮಕೂರು ನಗರದ ಶೆಟ್ಟಿಹಳ್ಳಿಯಲ್ಲಿ ನೆರೆಹೊರೆಯವರು ಏರ್ಪಡಿಸಿದ್ದ ಸಂತಾಪ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



 

ತಂದೆಯವರು ನಮ್ಮನ್ನಗಲಿದ ಮೂರನೆಯ ದಿನ ಅವರ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಟಿಪ್ಪಣಿ ಪುಸ್ತಕ ಸಿಕ್ಕಿತು. ಅದರಲ್ಲಿ ಕನ್ನಡದಲ್ಲಿ ಗುಂಡಗೆ ಬರೆದ ಒಂದು ಪಟ್ಟಿಯಿತ್ತು. 'ಮೆಟ್ಟಿಲ ಮನೆ ಮಿಕ್ಸಿ', 'ಮೇಷ್ಟ್ರ ಟೇಬಲ್ ಫ್ಯಾನು', 'ಹೂವಿನ ಅಜ್ಜಿ ಟಾರ್ಚು', 'ಮಸೀದಿ ನಲ್ಲಿ ಎರಡು'. ಹೀಗೆ ಒಟ್ಟು ಹನ್ನೊಂದು ಸಾಲುಗಳು. ಕೆಲಸ ಮುಗಿಸಿ ಹಿಂದಿರುಗಿಸಿದ ವಸ್ತುಗಳ ಮೇಲೆ ಗೆರೆ ಎಳೆದಿದ್ದರು. ಏಳು ಸಾಲುಗಳ ಮೇಲೆ ಗೆರೆಯಿತ್ತು. ನಾಲ್ಕು ಉಳಿದಿದ್ದವು. ಹಣದ ಲೆಕ್ಕಕ್ಕೆ ಆ ಪುಟದಲ್ಲಿ ಜಾಗವೇ ಇರಲಿಲ್ಲ.

ಮೃತರ ಆಸ್ತಿಯನ್ನು ಹಂಚಿಕೊಳ್ಳುವ ಮುನ್ನ ಅವರ ಸಾಲವನ್ನು ತೀರಿಸಬೇಕು, ಅವರ ವಸಿಯ್ಯತ್ ಅನ್ನು ನೆರವೇರಿಸಬೇಕು ಎಂಬುದು ನಮ್ಮ ಶರೀಅತ್‌ನ ನಿಯಮ. ತಂದೆಯವರು ಯಾರಿಂದಲೂ ಒಂದು ರೂಪಾಯಿ ಸಾಲ ಮಾಡಿದವರಲ್ಲ. ಆದರೆ ಈ ನಾಲ್ಕು ವಸ್ತುಗಳು ಅವರ ಬಳಿಯಿದ್ದ ಅಮಾನತ್. ಅವನ್ನು ಸರಿಪಡಿಸಿ ಹಿಂದಿರುಗಿಸುವುದು ಮಕ್ಕಳಾದ ನಮ್ಮ ಹೊಣೆ. ಅಂದು ರಾತ್ರಿ ಒಡಹುಟ್ಟಿದವರೆಲ್ಲ ಆ ವಸ್ತುಗಳನ್ನು ಮುಂದಿಟ್ಟುಕೊಂಡು ಕುಳಿತೆವು. ಇಬ್ಬರು ಅಣ್ಣಂದಿರಲ್ಲಿ ಒಬ್ಬರು ಕಚೇರಿ ನೌಕರರು, ಇನ್ನೊಬ್ಬರು ವ್ಯಾಪಾರಿ. ಮದ್ರಸದ ಸನದನ್ನೂ ಕಲಾ ಪದವಿಯನ್ನೂ ಪಡೆದು ಪತ್ರಿಕೆಗೆ ಬರೆಯುವವರು ನಾವು. ಮೂವರಲ್ಲಿ ಒಬ್ಬರಿಗೂ ಮಿಕ್ಸಿಯ ತಳವನ್ನು ಬಿಚ್ಚಲು ಬರಲಿಲ್ಲ. ಬಿಚ್ಚಿದವರು ನಮ್ಮ ಅಕ್ಕ. ಒಳಗೆ ನೋಡಿ, "ಕಾರ್ಬನ್ ಬ್ರಷ್ ಸವೆದಿದೆ, ಅಷ್ಟೇ" ಎಂದರು. ಅವರಿಗೆ ಅದನ್ನು ಕಲಿಸಿದವರು ತಂದೆಯವರೇ. ನಮಗೂ ಕಲಿಸಲು ಅವರು ಸಿದ್ಧರಿದ್ದರು. ನಾವು ಕಲಿಯಲಿಲ್ಲ. ಏಕೆ ಕಲಿಯಲಿಲ್ಲ ಎಂಬುದನ್ನು ತಮ್ಮ ಮುಂದೆ ಹೇಳಿಕೊಳ್ಳಲಿಕ್ಕಾಗಿಯೇ ಇಂದು ಇಲ್ಲಿ ನಿಂತಿದ್ದೇವೆ.

ಲಾಳದ ಮನೆಯಿಂದ ಸೇನೆಗೆ

ನಮ್ಮ ತಂದೆ 1949ರಲ್ಲಿ ಕುಣಿಗಲ್‌ನಲ್ಲಿ ಹುಟ್ಟಿದರು. ಅವರ ತಂದೆ ನಾಲ್‌ಬಂದ್, ಅಂದರೆ ಕುದುರೆ ಎತ್ತುಗಳಿಗೆ ಲಾಳ ಕಟ್ಟುವವರು. ಕುಣಿಗಲ್‌ನ ಕುದುರೆ ಫಾರಂ ತಮಗೆಲ್ಲ ತಿಳಿದದ್ದೇ. ಟಿಪ್ಪು ಸುಲ್ತಾನರ ಕಾಲದಲ್ಲಿ ಅಶ್ವದಳಕ್ಕಾಗಿ ಕುದುರೆ ಸಾಕುತ್ತಿದ್ದ ನೆಲವದು. ಅಂತಹ ಊರಿನಲ್ಲಿ ಲಾಳ ಕಟ್ಟುವವನಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ಗಾಡಿಗಳು ಕಡಿಮೆಯಾಗಿ ಲಾರಿಗಳು ಹೆಚ್ಚಾದಂತೆ ಆ ಕಸುಬು ಸೊರಗಿತು. ನಮ್ಮ ಸಮುದಾಯದ ಎಷ್ಟೋ ಕಸುಬುಗಳ ಕಥೆ ಇದೇ ಅಲ್ಲವೇ? ಸ್ಟೀಲ್ ಪಾತ್ರೆ ಬಂದಾಗ ಕಲಾಯಿ ಸಾಬರ ತಿದಿ ತಣ್ಣಗಾಯಿತು. ಫೋಮ್ ಹಾಸಿಗೆ ಬಂದಾಗ ಪಿಂಜಾರರ ಬಿಲ್ಲು ಅಟ್ಟ ಸೇರಿತು.

1968ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ತಂದೆಯವರು ಬೆಂಗಳೂರಿನ ಹಲಸೂರಿಗೆ ಹೋಗಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದರು. 1780ರಲ್ಲಿ ಮದರಾಸಿನಲ್ಲಿ ಪಯನಿಯರ್ ದಳವಾಗಿ ಆರಂಭಗೊಂಡ ಈ ಪಡೆ ಬ್ರಿಟಿಷರ ಪರವಾಗಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಟಿಪ್ಪು ಸುಲ್ತಾನರ ಕೋಟೆಯ ವಿರುದ್ಧ ಕಂದಕ ತೋಡಿತ್ತು. ಸುಲ್ತಾನರ ಕುದುರೆಗಳ ಊರಿನ ಹುಡುಗನೊಬ್ಬ ಸ್ವತಂತ್ರ ಭಾರತದ ಸೈನಿಕನಾಗಿ ಅದೇ ಪಡೆಯನ್ನು ಸೇರಿದ್ದು ಚರಿತ್ರೆಯ ಒಂದು ತಿರುವು. ಅಲ್ಲಿ ತಮಿಳರು, ತೆಲುಗರು, ಮಲಯಾಳಿಗಳು, ಕನ್ನಡಿಗರು ಎಲ್ಲರಿಗೂ ಒಂದೇ ಹೆಸರು, 'ತಂಬಿ'. ಅಂದರೆ ತಮ್ಮ. "ಹೆಸರು ಕೇಳಿ ಜಾತಿ ತಿಳಿದುಕೊಳ್ಳುವ ಕಷ್ಟವೇ ಅಲ್ಲಿರಲಿಲ್ಲ" ಎಂದು ಅವರು ನಗುತ್ತಿದ್ದರು.

ಸೇನೆ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಬಂದೂಕು. ಆದರೆ ಸ್ಯಾಪರ್‌ಗಳ ಕೈಯಲ್ಲಿ ಬಂದೂಕಿಗಿಂತ ಹೆಚ್ಚು ಹೊತ್ತು ಇರುವುದು ಸಲಿಕೆ, ಸ್ಪ್ಯಾನರ್, ಹಗ್ಗ ಮತ್ತು ಮರದ ತೊಲೆ. ಸೈನ್ಯ ಮುಂದೆ ಹೋಗಬೇಕಾದರೆ ದಾರಿ ಮಾಡುವವರು ಅವರು. ಸೇತುವೆ ಕಟ್ಟುವವರು, ನೀರಿನ ವ್ಯವಸ್ಥೆ ಮಾಡುವವರು, ಮೈನು ತೆಗೆಯುವವರು ಅವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೈಲಿ ಎಂಬ ಬ್ರಿಟಿಷ್ ಎಂಜಿನಿಯರ್ ರೂಪಿಸಿದ ಬೈಲಿ ಸೇತುವೆಯ ವಿಷಯವನ್ನು ತಂದೆಯವರು ನೂರು ಸಲ ಹೇಳಿರಬೇಕು. ಹತ್ತು ಅಡಿ ಉದ್ದದ ಉಕ್ಕಿನ ಚೌಕಟ್ಟುಗಳನ್ನು ಒಂದಕ್ಕೊಂದು ಪಿನ್ನು ಹಾಕಿ ಜೋಡಿಸುತ್ತಾ ಹೋಗುವ ಸೇತುವೆಯದು. ಕ್ರೇನ್ ಬೇಕಾಗಿಲ್ಲ. ಒಂದು ಚೌಕಟ್ಟನ್ನು ಆರು ಮಂದಿ ಎತ್ತುತ್ತಾರೆ. ಆರು ಮಂದಿಯೂ ಒಂದೇ ಮಾತಿಗೆ ಎತ್ತಬೇಕು, ಒಂದೇ ಮಾತಿಗೆ ಇಳಿಸಬೇಕು. ಒಬ್ಬ ಅವಸರ ಮಾಡಿದರೂ ಇನ್ನೊಬ್ಬನ ಬೆರಳು ಹೋಗುತ್ತದೆ. ನಮ್ಮ ಬೀದಿಯಲ್ಲಿ ಯಾರದಾದರೂ ಮನೆಯ ಮೇಲೆ ನೀರಿನ ಟ್ಯಾಂಕು ಏರಿಸುವಾಗ ತಂದೆಯವರು ಕೆಳಗೆ ನಿಂತು 'ಏಕ್, ದೋ, ತೀನ್' ಎಂದು ಕೂಗುತ್ತಿದ್ದುದನ್ನು ಇಲ್ಲಿರುವ ಅನೇಕರು ಕೇಳಿದ್ದೀರಿ. ಅದು ಹಲಸೂರಿನಲ್ಲಿ ಕಲಿತ ಪಾಠ.

ನೆಲದಡಿಯ ಮೈನು

1971ರ ಡಿಸೆಂಬರ್ 3ರಿಂದ 16ರವರೆಗೆ ನಡೆದ ಯುದ್ಧದಲ್ಲಿ ಅವರು ಪಶ್ಚಿಮ ಗಡಿಯಲ್ಲಿದ್ದರು. ಆ ಯುದ್ಧದ ಬಗ್ಗೆ ಓದುವವರು ಬಸಂತರ್ ನದಿಯ ಕಾಳಗವನ್ನು ಓದಿರುತ್ತಾರೆ. ಶಕರ್‌ಗಢ ಪ್ರದೇಶದಲ್ಲಿ ನದಿಯ ಆಚೆಗೆ ವಿಸ್ತಾರವಾದ ಮೈನು ಕ್ಷೇತ್ರವಿತ್ತು. ಡಿಸೆಂಬರ್ 15ರ ರಾತ್ರಿ ಸ್ಯಾಪರ್‌ಗಳು ಅದರ ನಡುವೆ ಟ್ಯಾಂಕುಗಳಿಗೆ ದಾರಿ ಬಿಡಿಸತೊಡಗಿದರು. ದಾರಿ ಪೂರ್ಣಗೊಳ್ಳುವ ಮುನ್ನವೇ ಟ್ಯಾಂಕುಗಳು ಮುನ್ನುಗ್ಗಬೇಕಾಯಿತು. ಮರುದಿನದ ಟ್ಯಾಂಕ್ ಕಾಳಗದಲ್ಲಿ 21 ವರ್ಷದ ಅರುಣ್ ಖೇತ್ರಪಾಲ್ ಹುತಾತ್ಮರಾಗಿ ಮರಣೋತ್ತರ ಪರಮವೀರ ಚಕ್ರ ಪಡೆದರು. ಅವರ ಹೆಸರನ್ನು ದೇಶ ಬಲ್ಲದು, ಬಲ್ಲಬೇಕಾದದ್ದೇ. ಆದರೆ ಟ್ಯಾಂಕುಗಳಿಗೆ ದಾರಿ ಬಿಡಿಸುವಲ್ಲಿ ಪ್ರಾಣ ತೆತ್ತು ಮಹಾವೀರ ಚಕ್ರ ಪಡೆದ ಎಂಜಿನಿಯರ್ ಪಡೆಯ ಮೇಜರ್ ವಿಜಯ್ ರತ್ತನ್ ಚೌಧರಿಯವರನ್ನು ಎಷ್ಟು ಮಂದಿ ಬಲ್ಲರು? ದಾರಿಯ ಮೇಲೆ ಹೋದವರು ಕಾಣುತ್ತಾರೆ, ದಾರಿ ಮಾಡಿದವರು ಕಾಣುವುದಿಲ್ಲ. ತಂದೆಯವರು ಇದನ್ನು ದೂರಾಗಿ ಹೇಳುತ್ತಿರಲಿಲ್ಲ. ಕೆಲಸದ ಸ್ವಭಾವವೇ ಹಾಗೆ ಎನ್ನುತ್ತಿದ್ದರು.

ಯುದ್ಧಕ್ಕಿಂತ ಯುದ್ಧದ ನಂತರದ ತಿಂಗಳುಗಳನ್ನೇ ಅವರು ಹೆಚ್ಚು ನೆನೆಯುತ್ತಿದ್ದರು. ಬಂದೂಕುಗಳು ಸುಮ್ಮನಾದರೂ ಮೈನುಗಳು ನೆಲದಡಿಯಲ್ಲೇ ಇದ್ದವು. ಗೋಧಿಯ ಹೊಲಗಳಲ್ಲಿ ಮಂಡಿಯೂರಿ, ಕಂಬಿಯನ್ನು ಓರೆಯಾಗಿ ಹಿಡಿದು, ಮಣ್ಣನ್ನು ಅಂಗುಲ ಅಂಗುಲವಾಗಿ ಚುಚ್ಚುತ್ತಾ ಹೋಗಬೇಕು. ಕಂಬಿಯನ್ನು ನೇರವಾಗಿ ಚುಚ್ಚಿದರೆ ಮೈನಿನ ತಲೆಗೆ ತಗಲುತ್ತದೆ, ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಗಲುತ್ತದೆ. ಬದುಕಿಗೂ ಸಾವಿಗೂ ನಡುವೆ ಇರುವುದು ಆ ಓರೆ ಮಾತ್ರ. ಅವರ ಜೊತೆಗಾರನೊಬ್ಬ ಅಲ್ಲಿ ಒಂದು ಪಾದ ಕಳೆದುಕೊಂಡ. "ನಾವು ನೆಟ್ಟ ಮೈನೋ ಅವರು ನೆಟ್ಟ ಮೈನೋ, ಕಾಲಿಟ್ಟವನ ದೇಶವನ್ನಾಗಲಿ ಧರ್ಮವನ್ನಾಗಲಿ ಅದು ಕೇಳುವುದಿಲ್ಲ" ಎಂದು ತಂದೆಯವರು ಹೇಳುತ್ತಿದ್ದರು. ದ್ವೇಷದ ರಾಜಕಾರಣದ ಬಗ್ಗೆ ನಾವು ಈ ಪತ್ರಿಕೆಯಲ್ಲಿ ಎಷ್ಟೋ ಬರೆದಿದ್ದೇವೆ. ಈ ಒಂದು ಮಾತಿನಷ್ಟು ಸ್ಪಷ್ಟವಾಗಿ ಬರೆಯಲು ನಮ್ಮಿಂದ ಆಗಿಲ್ಲ.

ಹದಿನೇಳು ವರ್ಷಗಳ ಸೇವೆಯ ನಂತರ 1985ರಲ್ಲಿ ಅವರು ನಿವೃತ್ತರಾದರು. ಒಂದು ಟ್ರಂಕು, ಒಂದು ಡಿಸ್ಚಾರ್ಜ್ ಬುಕ್, ಪಶ್ಚಿಮಿ ಸ್ಟಾರ್ ಸೇರಿದಂತೆ ಕೆಲವು ಪದಕಗಳು ಮತ್ತು ಸಣ್ಣ ಪಿಂಚಣಿಯೊಂದಿಗೆ ಊರಿಗೆ ಮರಳಿ, ಶೆಟ್ಟಿಹಳ್ಳಿಯಲ್ಲಿ ಎರಡು ಕೋಣೆಯ ಮನೆ ಮಾಡಿದರು. ಮನೆಯ ಮುಂದಿನ ಜಗುಲಿಯೇ ಅವರ ಕಾರ್ಖಾನೆಯಾಯಿತು. ಸೀಮೆಎಣ್ಣೆಯ ಪಂಪ್ ಸ್ಟವ್, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ, ಬೀಗ, ಸೈಕಲ್ಲು, ಗೋಡೆ ಗಡಿಯಾರ, ಕೊನೆಗೆ ಬೀದಿಯ ಕೈಪಂಪು, ಹೀಗೆ ಅವರ ಕೈಗೆ ಬಾರದ ವಸ್ತುವಿರಲಿಲ್ಲ. ಕೈಪಂಪಿನಲ್ಲಿ ನೀರು ಬರದಿದ್ದರೆ ಜನ ಅಂತರ್ಜಲ ಬತ್ತಿತೆಂದು ತಿಳಿಯುತ್ತಾರೆ. ಬಹಳ ಸಲ ಬತ್ತಿರುವುದಿಲ್ಲ, ಒಳಗಿನ ಚರ್ಮದ ವಾಷರ್ ಸವೆದಿರುತ್ತದೆ ಅಷ್ಟೆ. ಪೈಪುಗಳನ್ನು ಒಂದೊಂದಾಗಿ ಮೇಲಕ್ಕೆಳೆದು, ವಾಷರ್ ಬದಲಿಸಿ, ಮತ್ತೆ ಇಳಿಸುವುದಕ್ಕೆ ಅರ್ಧ ದಿನದ ಕೆಲಸ ಮತ್ತು ನಾಲ್ಕು ಮಂದಿಯ ತೋಳು ಸಾಕು. ಅರ್ಜಿ ಬರೆದು ತಿಂಗಳುಗಟ್ಟಲೆ ಕಾಯುವುದಕ್ಕಿಂತ ಇದು ಸುಲಭ ಎಂಬುದು ಅವರ ವಾದವಾಗಿತ್ತು. ಅರ್ಜಿಯನ್ನೂ ಬರೆಸುತ್ತಿದ್ದರು, ವಾಷರನ್ನೂ ಬದಲಿಸುತ್ತಿದ್ದರು.

ಊರಿನವರು ಅವರನ್ನು 'ಮಿಲ್ಟ್ರಿ ಸಾಬರು' ಎಂದು ಕರೆದರು. ಮಸೀದಿಯ ವುಝೂ ನಲ್ಲಿ ಸೋರಿದರೂ, ದೇವಸ್ಥಾನದ ನೀರಿನ ಮೋಟಾರು ನಿಂತರೂ ಮಿಲ್ಟ್ರಿ ಸಾಬರಿಗೇ ಕರೆ. ಬಿಚ್ಚುವ ಮುನ್ನ ಎರಡು ಸಲ ನೋಡುವುದು ಅವರ ಪದ್ಧತಿ. ಒಂದು ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದರು. ಜೋಡಿಸುವಾಗ ಆ ಸಾಲಿನ ಕೊನೆಯಿಂದ ಹಿಂದಕ್ಕೆ ಬರುತ್ತಿದ್ದರು. ಕೆಲಸ ಮುಗಿದಾಗ ಬಟ್ಟೆಯ ಮೇಲೆ ಒಂದು ಸ್ಕ್ರೂ ಉಳಿದಿದ್ದರೂ ಮತ್ತೆ ಬಿಚ್ಚುತ್ತಿದ್ದರು.

'ನಮ್ಮ ಬೀದಿಯವರು'

ಇನ್ನು ನಮ್ಮ ತಪ್ಪಿನ ವಿಷಯ. 2008ರಲ್ಲಿ ನಾವು ಪದವಿ ತರಗತಿಯಲ್ಲಿದ್ದೆವು. ಮದ್ರಸದಿಂದ ಬಂದವರೆಂದು ಮೊದಲೇ ಒಂದಿಷ್ಟು ಸಂಕೋಚ. ಸಹಪಾಠಿಗಳ ಸಮಾನರೆನಿಸಿಕೊಳ್ಳುವ ಹಂಬಲವೂ ಅಷ್ಟೇ ಇತ್ತು. ಒಂದು ಮಧ್ಯಾಹ್ನ ಕಾಲೇಜಿನ ನೀರಿನ ಮೋಟಾರು ಕೆಟ್ಟು, ಯಾರೋ ತಂದೆಯವರನ್ನು ಕರೆತಂದರು. ಭುಜದ ಮೇಲೆ ಖಾಕಿ ಚೀಲ, ಕೈಯಲ್ಲಿ ಪೈಪ್ ರೆಂಚ್, ಅಂಗಿಯ ತುಂಬ ಗ್ರೀಸು. ನಮ್ಮನ್ನು ಕಂಡು ಅವರು ಮುಗುಳ್ನಕ್ಕರು. "ಯಾರದು?" ಎಂದು ಗೆಳೆಯನೊಬ್ಬ ಕೇಳಿದ. "ನಮ್ಮ ಬೀದಿಯವರು" ಎಂದೆವು.

ಅವರಿಗೆ ಅದು ಕೇಳಿಸಿತು. ಮುಖದಲ್ಲಿ ಏನೂ ತೋರಿಸದೆ ಮೋಟಾರಿನ ಕಡೆ ನಡೆದರು. ಅಂದು ರಾತ್ರಿ ಊಟದ ಹೊತ್ತಿಗೆ ನಮ್ಮ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಅವರೇ ನಮ್ಮ ತಟ್ಟೆಗೆ ಸಾರು ಬಡಿಸುತ್ತಾ, "ನೀನು ಹೇಳಿದ್ದು ಸುಳ್ಳೇನಲ್ಲ ಮಗನೇ, ನಾನೂ ಈ ಬೀದಿಯವನೇ ತಾನೆ" ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆವೇನೋ. ಆ ಮಾತನ್ನು ಇಂದಿಗೂ ಮರೆತಿಲ್ಲ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅವರ ಬಳಿ ಹೋದೆವು. ಪ್ರತಿ ಸಲವೂ ಬೇರೆ ಮಾತಾಡಿ ಹಿಂತಿರುಗಿದೆವು. ಈಗ ಕೇಳಲು ಅವರಿಲ್ಲ. ಆದ್ದರಿಂದ ಅವರ ಬೀದಿಯವರಾದ ತಮ್ಮ ಮುಂದೆ ಹೇಳುತ್ತಿದ್ದೇವೆ: ಅವರು ನಮ್ಮ ತಂದೆ.

ಸಹೋದರರೇ, ಮಾತಾಪಿತರು ವೃದ್ಧರಾದಾಗ ಅವರೆದುರು ಬೇಸರದ ಒಂದು ಉದ್ಗಾರವನ್ನೂ ತೆಗೆಯಬಾರದೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸಿದೆ. ಆ ವಚನವನ್ನು ನಾವು ಮದ್ರಸದಲ್ಲಿ ಕಂಠಪಾಠ ಮಾಡಿದ್ದೆವು, ಅದರ ವ್ಯಾಖ್ಯಾನವನ್ನೂ ಓದಿದ್ದೆವು. ಆದರೂ ಒಂದು ಗ್ರೀಸಿನ ಕಲೆಗೆ ಹೆದರಿದೆವು. ಈ ರೋಗ ನಮ್ಮೊಬ್ಬರದೇ ಎಂದಿದ್ದರೆ ಸಭೆಯಲ್ಲಿ ಹೇಳುವ ಅಗತ್ಯವಿರಲಿಲ್ಲ. ನಮ್ಮ ಪೇಟೆ ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಇಂದು ಏನು ನಡೆಯುತ್ತಿದೆ? ವೆಲ್ಡಿಂಗ್ ಮಾಡಿ, ಪಂಚರ್ ಹಾಕಿ, ಬಡಗಿ ಕೆಲಸ ಮಾಡಿ ಮಕ್ಕಳನ್ನು ಓದಿಸಿದ ತಂದೆ, ಮಗಳಿಗೋ ಮಗನಿಗೋ ಸಂಬಂಧ ನೋಡಲು ಬಂದವರ ಮುಂದೆ ತನ್ನ ಕಸುಬನ್ನು 'ಬಿಸಿನೆಸ್' ಎಂದು ಹೇಳಿಕೊಳ್ಳಬೇಕಾಗಿದೆ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ಸಲ್ಲಿಸಿದ ವರದಿಯು ಮುಸ್ಲಿಮರಲ್ಲಿ ಸಂಬಳದ ನೌಕರಿಯವರು ಕಡಿಮೆ, ಸ್ವಂತ ಕಸುಬಿನವರು ಹೆಚ್ಚು ಎಂಬುದನ್ನು ದೇಶದ ಮುಂದಿಟ್ಟಿತು. ನೌಕರಿಯಲ್ಲಿ ನಮ್ಮ ಪಾಲನ್ನು ಕೇಳಲು ನಾವು ಆ ವರದಿಯನ್ನು ಉಲ್ಲೇಖಿಸುತ್ತೇವೆ. ಕೇಳಲೇಬೇಕು, ಅದು ನಮ್ಮ ಹಕ್ಕು. ಆದರೆ ಸ್ವಂತ ಕಸುಬಿನಿಂದ ಬದುಕುತ್ತಿರುವ ಆ ದೊಡ್ಡ ಜನಸಮೂಹಕ್ಕೆ ನಾವು, ಅವರ ಮಕ್ಕಳು, ಎಷ್ಟು ಗೌರವ ಕೊಟ್ಟಿದ್ದೇವೆ?

ಪ್ರವಾದಿ ನೂಹ್(ಅ) ಹಡಗು ಕಟ್ಟಿದರು. ಪ್ರವಾದಿ ದಾವೂದ್(ಅ) ಕಬ್ಬಿಣದ ಕವಚ ಮಾಡುತ್ತಿದ್ದರು. ಪ್ರವಾದಿ ಝಕರಿಯ್ಯಾ(ಅ) ಬಡಗಿಯಾಗಿದ್ದರು. ಪ್ರವಾದಿ ಮುಹಮ್ಮದ್(ಸ) ತಮ್ಮ ಪಾದರಕ್ಷೆಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದರು. ಕಅಬಾ ಭವನವನ್ನು ಕಟ್ಟಿದವರು ಒಬ್ಬ ತಂದೆ ಮತ್ತು ಒಬ್ಬ ಮಗ. ಪ್ರವಾದಿ ಇಬ್ರಾಹೀಮ್(ಅ) ಗೋಡೆ ಕಟ್ಟಿದರು, ಮಗ ಇಸ್ಮಾಈಲ್(ಅ) ಕಲ್ಲು ತಂದುಕೊಟ್ಟರು. ತಂದೆಯ ಪಕ್ಕದಲ್ಲಿ ನಿಂತು ಕಲ್ಲು ಕೊಡುವುದು ಪ್ರವಾದಿಯೊಬ್ಬರಿಗೆ ಗೌರವದ ಕೆಲಸವಾಗಿರುವಾಗ, ತಂದೆಯ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುವುದು ನಮಗೆ ಅವಮಾನವಾದದ್ದು ಹೇಗೆ?

ಗೋಡೆಗುಂಟ ಒಂದು ಪೈಪು

2013ರಲ್ಲಿ ನಮ್ಮ ತಾಯಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ತಂದೆಯವರು ಮಂಚದಿಂದ ಬಚ್ಚಲಿನವರೆಗೆ ಗೋಡೆಗುಂಟ ಒಂದು ಜಿಐ ಪೈಪನ್ನು ಕೂರಿಸಿದರು. ತಾಯಿಯನ್ನು ಗೋಡೆಯ ಪಕ್ಕ ನಿಲ್ಲಿಸಿ, ಅವರ ಎಡಗೈ ಯಾವ ಎತ್ತರಕ್ಕೆ ಸಲೀಸಾಗಿ ಬರುತ್ತದೆಂದು ಅಳತೆ ಮಾಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದ ಮೇಲೆಯೇ ಗೋಡೆಗೆ ತೂತು ಕೊರೆದರು. ಹಳೆಯ ಕುರ್ಚಿಯ ನಡುವೆ ಕತ್ತರಿಸಿ ಶೌಚಕ್ಕೆ ಅನುಕೂಲ ಮಾಡಿದರು. ಏಳು ವರ್ಷಗಳ ಕಾಲ ಅವರ ತಲೆ ಬಾಚಿದರು, ಊಟ ಮಾಡಿಸಿದರು. ಸೊಸೆಯಂದಿರು ಮುಂದೆ ಬಂದರೆ, "ನೀವು ನಿಮ್ಮ ಮಕ್ಕಳನ್ನು ನೋಡಿಕೊಳ್ಳಿ, ಇವಳು ಹದಿನಾರು ವರ್ಷ ನನ್ನ ಕಾಗದಕ್ಕಾಗಿ ಕಾದವಳು, ಈಗ ನನ್ನ ಸರದಿ" ಎನ್ನುತ್ತಿದ್ದರು. ಮನೆಯಲ್ಲಿ ಸ್ತ್ರೀಯರ ಸೇವೆ ಮಾಡುವುದು ಗಂಡಸುತನಕ್ಕೆ ಕುಂದೆಂದು ತಿಳಿದವರು ಈ ಮಿಲ್ಟ್ರಿ ಸಾಬರನ್ನು ನೋಡಬೇಕಿತ್ತು.

2020ರಲ್ಲಿ ತಾಯಿ ತೀರಿಕೊಂಡ ಮೇಲೆ ಆ ಪೈಪನ್ನು ತೆಗೆಯೋಣವೆಂದು ಅಣ್ಣ ಹೇಳಿದರು. ಇರಲಿ ಎಂದರು ತಂದೆ. ತಮ್ಮ ಕೊನೆಯ ತಿಂಗಳುಗಳಲ್ಲಿ ಅದೇ ಪೈಪನ್ನು ಹಿಡಿದು ಅವರು ವುಝೂ ಮಾಡಲು ಹೋಗುತ್ತಿದ್ದರು. ಅದು ಅವರ ಎತ್ತರಕ್ಕೆ ತುಸು ತಗ್ಗು. ಬಾಗಿ ನಡೆಯಬೇಕಾಗುತ್ತಿತ್ತು. ಎತ್ತರಿಸಿ ಕೊಡುತ್ತೇವೆಂದರೂ ಒಪ್ಪಲಿಲ್ಲ.

ಅಕ್ಕನ ಮದುವೆಯ ಮಾತುಕತೆಯಲ್ಲಿ ಮೊದಲು ಬಂದ ಕಡೆಯವರು ಜೋಡೆಯ ಹಣವೆಂದೂ ಬೈಕೆಂದೂ ಕೇಳಿದರು. ಅದು ವರದಕ್ಷಿಣೆಯ ಇನ್ನೊಂದು ಹೆಸರು. ತಂದೆಯವರು ಅವರಿಗೆ ಚಹಾ ಕೊಟ್ಟು, ವಿನಯದಿಂದಲೇ ಬೀಳ್ಕೊಟ್ಟರು. ನೆಂಟರು ರೇಗಿದರು. ಎರಡು ವರ್ಷ ಕಾಯಬೇಕಾಯಿತು. ಲೇತ್ ಕೆಲಸದ ಯುವಕನೊಬ್ಬ ಏನನ್ನೂ ಕೇಳದೆ ಅಕ್ಕನ ಕೈಹಿಡಿದರು. ತವರಿನಿಂದ ಅಕ್ಕ ಒಯ್ದದ್ದು ಒಂದು ಟೆಸ್ಟರ್, ಒಂದು ಸ್ಕ್ರೂಡ್ರೈವರ್ ಮತ್ತು ಫ್ಯೂಸು ಕಟ್ಟಲು ಬರುವ ಎರಡು ಕೈ. ತಮ್ಮ ಮೂವರು ಗಂಡುಮಕ್ಕಳ ಮದುವೆಯಲ್ಲಿಯೂ ತಂದೆಯವರು ಹೆಣ್ಣಿನ ಮನೆಯಿಂದ ಒಂದು ಚಮಚವನ್ನೂ ತರಲಿಲ್ಲ.

ಎಲ್ಲರ ಮಕ್ಕಳು

ಬಾಲ್ಯದಲ್ಲಿ ಅವರು ನಮಗೆ ಹೇಳುತ್ತಿದ್ದ ಕಥೆಯೊಂದಿದೆ. ಅದು ಕೊಡಗಿನ ಕೆ.ಎಂ. ಕಾರ್ಯಪ್ಪನವರದು. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯ್ಯೂಬ್ ಖಾನ್, ದೇಶವಿಭಜನೆಗೆ ಮುನ್ನ ಕಾರ್ಯಪ್ಪನವರೊಂದಿಗೆ ಒಂದೇ ಸೇನೆಯಲ್ಲಿದ್ದವರು. ಮಗನನ್ನು ಬಿಡುಗಡೆ ಮಾಡುವ ಮಾತು ಬಂದಾಗ, ಸೆರೆಯಲ್ಲಿರುವ ಪ್ರತಿಯೊಬ್ಬ ಸೈನಿಕನೂ ತಮ್ಮ ಮಗನೇ, ಒಬ್ಬನಿಗೆ ಮಾತ್ರ ವಿನಾಯಿತಿ ಬೇಡ ಎಂಬ ಅರ್ಥದ ಉತ್ತರವನ್ನು ಕಾರ್ಯಪ್ಪನವರು ಕಳುಹಿಸಿದರು. ಮಗ ಉಳಿದ ಕೈದಿಗಳೊಂದಿಗೇ ಮರಳಿದರು.

ಈ ಕಥೆ ತಂದೆಯವರಿಗೆ ಬರೀ ಕಥೆಯಾಗಿರಲಿಲ್ಲ. 2015ರಲ್ಲಿ ಸಮಾನ ಶ್ರೇಣಿಗೆ ಸಮಾನ ಪಿಂಚಣಿ ಎಂಬ ಯೋಜನೆ ಪ್ರಕಟವಾಗಿ, ಹಿಂಬಾಕಿ ಹಣ ಕಂತುಗಳಲ್ಲಿ ಬರತೊಡಗಿತು. ಅದೇ ವೇಳೆಗೆ ಅಂಗಡಿ ವಿಸ್ತರಿಸಲು ಅಣ್ಣನಿಗೆ ಹಣ ಬೇಕಿತ್ತು. ತಂದೆಯವರು ಮೊದಲ ಕಂತನ್ನು ನೆರೆಮನೆಯ ಹೆಣ್ಣುಮಗಳೊಬ್ಬಳ ನರ್ಸಿಂಗ್ ಶುಲ್ಕಕ್ಕೆ ಕೊಟ್ಟರು. ಅಣ್ಣ ಹಲವು ದಿನ ಮಾತು ಬಿಟ್ಟರು. ತಂದೆಯವರು ಹೇಳಿದ್ದಿಷ್ಟೇ: "ನಿನಗೆ ಅಂಗಡಿ ಇದೆ. ಅವಳಿಗೆ ಶುಲ್ಕ ಕಟ್ಟುವ ಕೊನೆಯ ದಿನ ಮಾತ್ರ ಇದೆ." ಅವರ ಕೊನೆಯ ದಿನಗಳಲ್ಲಿ ಬಂದು ರಕ್ತದೊತ್ತಡ ನೋಡಿ, ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದವಳು ಅದೇ ಹೆಣ್ಣುಮಗಳು. ಅವಳೂ ಈ ಸಭೆಯಲ್ಲಿದ್ದಾಳೆ.

ಕೇಳದ ಸಾಕ್ಷಿ

ಪತ್ರಕರ್ತರಾದ ನಮಗೆ ಒಂದು ಆಸೆಯಿತ್ತು. ಗಣರಾಜ್ಯೋತ್ಸವದ ಸಂದರ್ಭದಲ್ಲಿ ತಂದೆಯವರ ಪದಕಗಳ ಭಾವಚಿತ್ರದೊಂದಿಗೆ ಒಂದು ಲೇಖನ ಬರೆಯಬೇಕೆಂಬುದು ಆ ಆಸೆ. ನಮ್ಮ ಸಮುದಾಯದ ದೇಶನಿಷ್ಠೆಯನ್ನು ಪ್ರಶ್ನಿಸುವವರಿಗೆ ಅದು ಉತ್ತರವಾಗಲಿ ಎಂದುಕೊಂಡಿದ್ದೆವು. ತಂದೆಯವರು ಪದಕಗಳನ್ನು ಹೊರತೆಗೆಯಲೇ ಇಲ್ಲ. "ನಾನು ಸಾಕ್ಷಿ ಹೇಳಲು ಸೇನೆಗೆ ಹೋಗಲಿಲ್ಲ, ಕೆಲಸಕ್ಕೆ ಹೋದೆ" ಎಂದರು. ನಾವು ವಾದಿಸಿದೆವು. 1948ರ ಜುಲೈ 3ರಂದು ಝಂಗಡ್‌ನಲ್ಲಿ ಹುತಾತ್ಮರಾದ ಬ್ರಿಗೇಡಿಯರ್ ಉಸ್ಮಾನ್, 1965ರ ಸೆಪ್ಟೆಂಬರ್ 10ರಂದು ಖೇಮ್‌ಕರಣ್ ರಣರಂಗದಲ್ಲಿ ಜೀಪಿನ ಮೇಲಿನ ಫಿರಂಗಿಯಿಂದ ಶತ್ರು ಟ್ಯಾಂಕುಗಳನ್ನು ಹೊಡೆದುರುಳಿಸಿ ಮಡಿದ ಅಬ್ದುಲ್ ಹಮೀದ್, ಇವರ ಹೆಸರುಗಳನ್ನು ಎತ್ತಿದೆವು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಮೀದ್‌ರ ತಂದೆ ಏನು ಕೆಲಸ ಮಾಡುತ್ತಿದ್ದರು, ಗೊತ್ತೇ?" ನಮಗೆ ಗೊತ್ತಿರಲಿಲ್ಲ. "ದರ್ಜಿ. ಸೇನೆಗೆ ಸೇರುವ ಮುನ್ನ ಹಮೀದ್ ಕೂಡ ತಂದೆಯ ಜೊತೆ ಬಟ್ಟೆ ಹೊಲಿದವರೇ. ಪ್ರತಿ ಆಗಸ್ಟ್‌ನಲ್ಲಿ ಅವರ ಹೆಸರು ಕೂಗುತ್ತೀರಿ. ದರ್ಜಿಯ ಮಗನಿಗೆ ಹೆಣ್ಣು ಕೊಡಲು ಹಿಂಜರಿಯುತ್ತೀರಿ."

2019ರ ಬೇಸಿಗೆಯಲ್ಲಿ ಅಸ್ಸಾಮಿನಿಂದ ಒಂದು ಸುದ್ದಿ ಬಂತು. ಮೂವತ್ತು ವರ್ಷ ಸೇನೆಯಲ್ಲಿದ್ದು ನಿವೃತ್ತರಾದ ಮುಹಮ್ಮದ್ ಸನಾವುಲ್ಲಾ ಎಂಬವರನ್ನು ವಿದೇಶಿಯರ ನ್ಯಾಯಮಂಡಳಿ ವಿದೇಶಿ ಎಂದು ಘೋಷಿಸಿ, ಬಂಧನ ಶಿಬಿರಕ್ಕೆ ಕಳುಹಿಸಲಾಗಿತ್ತು. ಗುವಾಹಟಿ ಹೈಕೋರ್ಟ್ ಜಾಮೀನು ನೀಡಿದ ಮೇಲೆ ಅವರು ಹೊರಬಂದರು. ಆ ಸುದ್ದಿಯನ್ನು ನಾವೇ ಓದಿ ಹೇಳಿದೆವು. ತಂದೆಯವರು ಏನೂ ಅನ್ನಲಿಲ್ಲ. ಆ ದಿನ ಅಸರ್ ನಮಾಝಿನ ನಂತರ ಟ್ರಂಕು ತೆಗೆದ ಸದ್ದು ಕೇಳಿತು. ಹೋಗಿ ನೋಡಿದರೆ, ಎಪ್ಪತ್ತರ ವೃದ್ಧರು ಡಿಸ್ಚಾರ್ಜ್ ಬುಕ್‌ನ ಒಂದೊಂದೇ ಪುಟ ತಿರುಗಿಸಿ ಪರೀಕ್ಷಿಸುತ್ತಿದ್ದರು. ಅಕ್ಷರ ಮಾಸಿದ ಕಡೆ ಬೆರಳಿಟ್ಟು ನೋಡಿದರು. ಕೊನೆಗೆ ಅದನ್ನು ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟರು. ಮೈನುಗಳ ನಡುವೆ ನಡೆದ ಮನುಷ್ಯನ ಕೈ ಕಾಗದದ ಮುಂದೆ ನಡುಗುತ್ತಿತ್ತು. ಯಾರ ಪೌರತ್ವವೂ ಒಂದು ಹಾಳೆಯ ಮೇಲಿನ ಕಾಗುಣಿತಕ್ಕೆ ನೇತುಬೀಳದಂತಹ ವ್ಯವಸ್ಥೆಯನ್ನು ಕೇಳುವುದು ಒಂದು ಸಮುದಾಯದ ಬೇಡಿಕೆಯಷ್ಟೇ ಅಲ್ಲ. ಆ ಕೈಗಳ ಋಣವಿರುವ ಪ್ರತಿಯೊಬ್ಬ ನಾಗರಿಕನ ಕರ್ತವ್ಯ.

ನಲವತ್ತನೆಯ ದಿನ

ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ ಅವರ ವಸಿಯ್ಯತ್ ಇತ್ತು. ಎರಡೇ ಸಾಲು. 'ನಲವತ್ತಕ್ಕೆ ಊಟ ಹಾಕಬೇಡಿ. ಆ ದುಡ್ಡಿಗೆ ಹುಡುಗರಿಗೆ ಟೂಲ್ಸ್ ಕೊಡಿಸಿ.'

ಇದನ್ನು ನೆರವೇರಿಸುವುದು ಸುಲಭವಾಗಲಿಲ್ಲ. ಚಾಲೀಸ್ವಾಂ ಮಾಡದಿದ್ದರೆ ಬಂಧುಗಳು ಏನೆನ್ನುತ್ತಾರೆ, ಮಿಲ್ಟ್ರಿ ಸಾಬರ ಮಕ್ಕಳು ಜಿಪುಣರೆನ್ನುವುದಿಲ್ಲವೇ ಎಂದು ನಮ್ಮ ಮನೆಯಲ್ಲೇ ಮಾತು ಬೆಳೆಯಿತು. ಹಿರಿಯ ಚಿಕ್ಕಪ್ಪ ಮುನಿಸಿಕೊಂಡರು. ಅವರ ದುಃಖವನ್ನು ನಾವು ಗೌರವಿಸುತ್ತೇವೆ, ಅಣ್ಣನಿಗೆ ಮರ್ಯಾದೆ ಸಲ್ಲಬೇಕೆಂಬುದೇ ಅವರ ಉದ್ದೇಶ. ಆದರೆ ಬಡವನೊಬ್ಬ ಸತ್ತ ಮನೆಯಲ್ಲಿ ಸಾಲ ಮಾಡಿ ನಲವತ್ತರ ಊಟ ಹಾಕಿದ್ದನ್ನೂ, ಆ ಸಾಲ ತೀರಿಸಲು ಮಗ ಶಾಲೆ ಬಿಟ್ಟದ್ದನ್ನೂ ತಂದೆಯವರು ಕಂಡಿದ್ದರು. ನಾವು ಉಳ್ಳವರು ಊಟ ಹಾಕಿದರೆ ಇಲ್ಲದವರು ಸಾಲ ಮಾಡಲೇಬೇಕಾಗುತ್ತದೆ. ಒಬ್ಬರಾದರೂ ನಿಲ್ಲಿಸಬೇಕಲ್ಲವೇ?

ಮನುಷ್ಯ ಸತ್ತಾಗ ಅವನ ಕರ್ಮಗಳು ಕೊನೆಗೊಳ್ಳುತ್ತವೆ, ನಿರಂತರ ದಾನ, ಪ್ರಯೋಜನಕಾರಿ ಜ್ಞಾನ, ಪ್ರಾರ್ಥಿಸುವ ಸಂತಾನ ಈ ಮೂರರ ಹೊರತು ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಒಂದು ಹೊತ್ತಿನ ಊಟ ಈ ಮೂರರಲ್ಲಿ ಯಾವುದೂ ಆಗದು. ಹುಡುಗನೊಬ್ಬನ ಕೈಗೆ ಕೊಟ್ಟ ಸ್ಪ್ಯಾನರ್ ಮೊದಲ ಎರಡೂ ಆದೀತು.

ಆದ್ದರಿಂದ ನಮ್ಮ ಮನೆಯ ಜಗುಲಿ ಮುಂದಿನ ಭಾನುವಾರದಿಂದ ತೆರೆದಿರುತ್ತದೆ. ತಂದೆಯವರ ಉಪಕರಣಗಳ ಜೊತೆಗೆ ಹೊಸದಾಗಿ ಕೊಂಡ ಉಪಕರಣಗಳೂ ಅಲ್ಲಿರುತ್ತವೆ. ಭಾವನವರೂ ಅಕ್ಕನೂ ಕಲಿಸುತ್ತಾರೆ. ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಕಳುಹಿಸಿ, ಯಾವ ಮನೆಯವರಾದರೂ ಸರಿ. ಶಾಲೆ ಬಿಡಿಸಿ ಕಳುಹಿಸಬೇಡಿ, ಓದಿನ ಜೊತೆಗೆ ಕಲಿಯಲಿ. ಪ್ರತಿ ಮಸೀದಿಯ ಜಮಾಅತ್ ತನ್ನ ಕಪಾಟಿನಲ್ಲಿ ಗ್ರಂಥಗಳ ಪಕ್ಕದಲ್ಲಿ ಒಂದು ಉಪಕರಣ ಪೆಟ್ಟಿಗೆಯನ್ನೂ ಇಟ್ಟು, ಬೇಕಾದವರಿಗೆ ಎರವಲು ಕೊಡಲಿ ಎಂಬುದು ನಮ್ಮ ವಿನಂತಿ.

ನಾಲ್ಕು ಅಮಾನತ್‌ಗಳಲ್ಲಿ ಮೂರನ್ನು ಹಿಂದಿರುಗಿಸಿದ್ದೇವೆ. ಮಿಕ್ಸಿಯನ್ನು ಅಕ್ಕ ಸರಿಪಡಿಸಿದರು, ಟಾರ್ಚಿಗೆ ಭಾವ ಸ್ವಿಚ್ಚು ಹಾಕಿದರು, ಮಸೀದಿಯ ನಲ್ಲಿಗಳನ್ನು ಅಣ್ಣ ಕೂರಿಸಿದರು, ಒಂದು ಇನ್ನೂ ತುಸು ಸೋರುತ್ತಿದೆ. ಉಳಿದದ್ದು ಮೇಷ್ಟ್ರ ಟೇಬಲ್ ಫ್ಯಾನು. ಅದನ್ನು ಯಾರಿಗೂ ಕೊಡದೆ ನಾವೇ ಇಟ್ಟುಕೊಂಡಿದ್ದೇವೆ. ಅಕ್ಕ ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಿದ್ದಾರೆ. ಬಿಳಿ ಬಟ್ಟೆ ಹಾಸಿ, ಸ್ಕ್ರೂಗಳನ್ನು ಸಾಲಾಗಿ ಇಟ್ಟಿದ್ದೇವೆ. ಕೆಪಾಸಿಟರ್ ಹೋಗಿದೆಯಂತೆ. ಮೇಷ್ಟ್ರೇ, ತಾವು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೀರಿ, ದಯವಿಟ್ಟು ಇನ್ನೊಂದು ವಾರ ಸಮಯ ಕೊಡಿ. ಅದು ತಿರುಗಿದ ದಿನ ಆ ಸಾಲಿನ ಮೇಲೆ ಗೆರೆ ಎಳೆಯುತ್ತೇವೆ.

ಅಲ್ಲಾಹನು ನಮ್ಮ ತಂದೆಯವರ ಲೋಪಗಳನ್ನು ಮನ್ನಿಸಲಿ, ಅವರ ಗೋರಿಯನ್ನು ಬೆಳಕಿನಿಂದ ತುಂಬಲಿ. ಅವರ ಬಗ್ಗೆ ನಮ್ಮಿಂದಾದ ಲೋಪವನ್ನೂ ಮನ್ನಿಸಲಿ. ತಮ್ಮ ತಮ್ಮ ತಂದೆತಾಯಂದಿರು ಇನ್ನೂ ಬದುಕಿರುವವರು, ಕೇಳಬೇಕಾದ ಕ್ಷಮೆಯನ್ನು ಇಂದೇ ಮನೆಗೆ ಹೋಗಿ ಕೇಳಿಕೊಳ್ಳಿರಿ. ಆಮೀನ್.